ಒಂಬತ್ತು ಹಣ್ಣಿನ ಸಾಕ್ಷಿ

ಬೆಳಗಿನ ಏಳು ಗಂಟೆ ಹತ್ತು ನಿಮಿಷ. ಕಮಲಾಪುರದಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಕಾವೇರಿ ಕೆಂಪು ಬಾಳೆಹಣ್ಣೊಂದನ್ನು ಸುಲಿದು ಅವ್ವನ ಮುಂದೆ ಹಿಡಿದಿದ್ದಳು. ಅವ್ವ ಪುತಳಾಬಾಯಿ ಮುಖ ತಿರುಗಿಸಿದಳು.

“ಅದರ ಮಾರಿ ನೋಡಂಗಿಲ್ಲ ನಾ.”

ಸಿಟ್ಟಿಗೆ ಕಾರಣವಿತ್ತು. ಅವಳ ಮಹಿಳಾ ಸಂಘದ ಬಾಳೆಯನ್ನು ವರ್ಷವಿಡೀ ಕೊಳ್ಳುತ್ತೇವೆಂದಿದ್ದ ಕಲಬುರಗಿಯ ಹಣ್ಣಿನ ಗೋದಾಮು ಹಿಂದಿನ ಸಂಜೆ ಬೇಡವೆಂದು ಫೋನು ಮಾಡಿತ್ತು. ಹಣ್ಣಿನ ಸರಾಸರಿ ತೂಕ ನೂರೈವತ್ತು ಗ್ರಾಂ ಎಂದು ಸಂಘ ಮಾತು ಕೊಟ್ಟಿತ್ತು. ಮೊದಲ ಲೋಡಿನಿಂದ ಅವರು ಒಂಬತ್ತು ಹಣ್ಣು ತೂಗಿದ್ದರು. ಸರಾಸರಿ ನೂರಾ ನಲವತ್ತೈದು ಬಂದಿತ್ತು. ತೊಗರಿ ಬಿಟ್ಟು ಬಾಳೆ ಹಚ್ಚಿರೆಂದು ಓಣಿಯ ಹೆಂಗಸರನ್ನೆಲ್ಲ ಒಪ್ಪಿಸಿದವಳು ಪುತಳಾಬಾಯಿ. ಈಗ ಅವರಿಗೆ ಏನೆಂದು ಹೇಳುವುದು?

ಕಾವೇರಿ ಕಲಬುರಗಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಅದೇನೆಂದು ಯಾರಾದರೂ ಕೇಳಿದರೆ ಅವ್ವ ನಗುತ್ತಿದ್ದಳು: “ಎಣಸೂದು ಕಲಸ್ತಾಳ್ರಿ. ಒಂದನೇತ್ತೆ ಹುಡುಗ್ರು ಕಲಿಯೂದನ್ನ ಇಕಿ ಕಾಲೇಜಿನಾಗ ಕಲಸ್ತಾಳ.”

ಬಸ್ಸಿಳಿದು ತಾಯಿ ಮಗಳು ನೇರ ಗೋದಾಮಿಗೆ ಹೋದರು. ಅಲ್ಲಿ ಗುಣಮಟ್ಟ ನೋಡುವ ಯಶವಂತ ಸಂಕೋಚದಿಂದಲೇ ಕಂಪ್ಯೂಟರಿನ ಲೆಕ್ಕ ತೋರಿಸಿದ.

“ಹಣ್ಣಿನಿಂದ ಹಣ್ಣಿಗೆ ಏರುಪೇರು ಒಂಬತ್ತು ಗ್ರಾಂ ಅದರಿ. ಒಂಬತ್ತು ಹಣ್ಣಿನ ವರ್ಗಮೂಲ ಮೂರು. ಭಾಗಸಿದ್ರ ಮೂರು ಗ್ರಾಂ. ನಿಮ್ಮ ಕೊರತೆ ಐದು. ಐದು ಭಾಗಿಲೆ ಮೂರು, ಒಂದು ಪಾಯಿಂಟ್ ಆರು ಏಳು. ಮಾಲು ಬ್ಯಾಡ ಅನ್ನೂ ಮಿತಿ ಒಂದು ಪಾಯಿಂಟ್ ಆರು ನಾಲ್ಕು ಐದು. ದಾಟೇದ. ನಾ ಏನ್ ಮಾಡ್ಲಿ ಹೇಳ್ರಿ ಮೇಡಂ?”

ಕಾವೇರಿ ಮಿತಿಯ ಅಂಕಿಯ ಮೇಲೆ ಬೆರಳಿಟ್ಟಳು. “ಈ ಲೆಕ್ಕ ಎಲ್ಲಿ ಮಾಡಿಟ್ಟಿದ್ರಿ?”

“ಮೊದಲ ಬ್ಯಾಳಿ ಮಿಲ್ಲಿನಾಗ ಇದ್ನಿರಿ, ಅಲ್ಲಿ.”

“ಅಲ್ಲಿ ಒಂದು ಸಲಕ್ಕ ಎಷ್ಟು ಸ್ಯಾಂಪಲ್ ತಗೋತಿದ್ರಿ?”

“ಇನ್ನೂರು, ಮುನ್ನೂರು.”

“ಅಷ್ಟಿದ್ರ ಏರುಪೇರಿನ ಅಂಕಿ ನಂಬಬಹುದು. ಇಲ್ಲಿ ಸರಾಸರೀನೂ ಒಂಬತ್ತೇ ಹಣ್ಣು ಹೇಳಬೇಕು, ಏರುಪೇರೂ ಅವೇ ಹೇಳಬೇಕು. ಅಂದಾಜಿನ ಮ್ಯಾಲ ಅಂದಾಜು. ಅದಕ್ಕ ಮಿತಿ ಇನ್ನೂ ದೂರ ಹೋಗ್ತದ. ಒಂಬತ್ತು ಹಣ್ಣಿಗೆ ಒಂದು ಪಾಯಿಂಟ್ ಎಂಟು ಆರು!” ಕೊನೆಯ ಅಂಕಿಯನ್ನು ಹಮಾಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು.

ಯಶವಂತ ಕಂಪ್ಯೂಟರಿನಲ್ಲಿ ಮಿತಿಗಳ ಕೋಷ್ಟಕ ತೆರೆದ. ಒಂಬತ್ತರಲ್ಲಿ ಒಂದು ಕಳೆದು ಎಂಟರ ಸಾಲಿಗೆ ಬಂದು ನಿಂತ. “ಖರೇ ಅದರಿ. ನಮ್ಮ ಒಂದು ಪಾಯಿಂಟ್ ಆರು ಏಳು ಇದನ್ನ ದಾಟಂಗಿಲ್ಲ. ಹಣ್ಣಿಗೂ ಬ್ಯಾಳಿ ಮಿತೀನೇ ಹಚ್ಚೀನಿ ನೋಡ್ರಿ!”

“ಹಂಗಾರ ಪಾಸಾದ್ವೇನ?” ಅವ್ವ ಎದ್ದೇ ಬಿಟ್ಟಳು.

“ಇಲ್ಲವ್ವ. ನಮ್ಮ ಮಾತು ಸುಳ್ಳು ಅನ್ನಾಕ ಈ ಒಂಬತ್ತು ಹಣ್ಣಿನ ಸಾಕ್ಷಿ ಸಾಲಂಗಿಲ್ಲ, ಅಷ್ಟ. ಸರ್, ಇನ್ನೊಂದಿಷ್ಟು ತೂಗ್ರಿ. ನೀವೇ ತಗೀರಿ, ಆರಿಸಬ್ಯಾಡ್ರಿ.”

ಯಶವಂತ ಬೇರೆ ಬೇರೆ ಕ್ರೇಟುಗಳಿಂದ ಅರವತ್ತು ಹಣ್ಣು ತೆಗೆದ. ತಕ್ಕಡಿಯ ಮುಂದೆ ಪುತಳಾಬಾಯಿ ಒಂದೊಂದೇ ಹಣ್ಣು ಎಣಿಸುತ್ತ ನಿಂತಿದ್ದಳು. ಸರಾಸರಿ ನೂರಾ ಐವತ್ತೊಂದು ಗ್ರಾಂ.

“ವರ್ಷದ ಮಾಲು ನಿಮ್ಮದೇ ರೀ ಅಕ್ಕಾರ,” ಎಂದ ಯಶವಂತ. ತೂಗಿದ ರಾಶಿಯಿಂದಲೇ ಪುತಳಾಬಾಯಿ ಒಂದು ಹಣ್ಣು ಸುಲಿದು ಅವನ ಕೈಗಿತ್ತು, ಇನ್ನೊಂದನ್ನು ತಾನು ತಿಂದಳು.

ಈಗಲೂ ಕಮಲಾಪುರದಲ್ಲಿ ಯಾರಾದರೂ ಮಗಳು ಏನು ಕಲಿಸುತ್ತಾಳೆಂದು ಕೇಳುತ್ತಾರೆ. ಪುತಳಾಬಾಯಿ ಎಣಿಸುವ ಮಾತೆತ್ತುವುದಿಲ್ಲ. ಸೆರಗು ಸರಿಮಾಡಿಕೊಂಡು, ಅಂದು ಮಗಳು ಹೇಳಿದಷ್ಟೇ ಗಟ್ಟಿಯಾಗಿ ಹೇಳುತ್ತಾಳೆ: “ಒಂದು ಪಾಯಿಂಟ್ ಎಂಟು ಆರು.”