ದರ್ಜಿ ಹೇಳಿಟ್ಟ ಮಾತು

ದರ್ಜಿ ತೀರಿಕೊಂಡು ಐದು ತಿಂಗಳಾಗಿತ್ತು. ಅವನ ಹೆಂಡತಿ, ಅಂಗಡಿಯಲ್ಲಿ ಆಯುಷ್ಯವೆಲ್ಲ ಕಾಜಾ ಹೊಲಿದವಳು, ಈಗ ಸೂಜಿ ಮುಟ್ಟುತ್ತಿರಲಿಲ್ಲ. ಯುದ್ಧದಲ್ಲಿ ಊರಿನ ಜನ ಹೇಗೆ ಬದುಕಿದರೆಂದು ತೋರಿಸುವ ಮ್ಯೂಸಿಯಂನಲ್ಲಿ ಮಾವನ ದನಿ ಇದೆಯೆಂದು ತಿಳಿದು ಸೊಸೆ ಅವಳನ್ನು ಕರೆದೊಯ್ದಳು. ಹಾಸಿಗೆ ಹಿಡಿಯುವ ಮುಂಚೆ ಅವನೇ ಹೋಗಿ ಯುದ್ಧದ ನೆನಪನ್ನು ರೆಕಾರ್ಡಿಗೆ ಹೇಳಿಟ್ಟು ಬಂದಿದ್ದನಂತೆ. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ದನಿ ಕೇಳುವ ಆಸೆ ಎಷ್ಟಿತ್ತೋ ಅಷ್ಟೇ ಅಳುಕು. ಅವನು ಏನು ಹೇಳಿರುತ್ತಾನೆಂದು ಅವಳಿಗೆ ಗೊತ್ತು. ನಲವತ್ತು ವರ್ಷ ಗಿರಾಕಿಗಳಿಗೆಲ್ಲ ಹೇಳಿದ್ದೇ: ಬಾಂಬು ಬೀಳುವಾಗ ನೆಲಮಾಳಿಗೆಯಿಂದ ಮೇಲೆ ಓಡಿ, ಹೊಲಿಗೆ ಮಿಷನ್ನಿನ ತಲೆಯನ್ನು ಸ್ಟ್ಯಾಂಡಿನಿಂದ ಕಳಚಿ ಹೊತ್ತು ತಂದೆ ಎಂದು. ನಿಜವಾಗಿ ಹೋಗಿದ್ದವಳು ಅವಳು. ಅವನು ಮೂಲೆಯಲ್ಲಿ ಮಗುವನ್ನು ಅವುಚಿಕೊಂಡು ಕೂತಿದ್ದ. ಗಂಡಸಿನ ಮಾನ ಹೋದೀತೆಂದು ಅವಳು ತುಟಿ ಹೊಲಿದುಕೊಂಡಿದ್ದಳು. ಆದರೆ ಅಂಗಡಿಯ ಹರಟೆ ಬೇರೆ. ಇಲ್ಲಿ ಸುಳ್ಳು ಹೇಳಿಟ್ಟಿದ್ದರೆ ಅದೇ ಉಳಿಯುತ್ತದೆ. ಸತ್ತವನ ಮಾತನ್ನು ಅಲ್ಲಗಳೆಯುವುದು ಹೇಗೆ?

ಕೋಣೆಗಳಲ್ಲಿ ಬೆಳಕು ಹೊರಬೀಳದಂತೆ ಕಿಟಕಿಗೆ ಕಟ್ಟುತ್ತಿದ್ದ ಕಪ್ಪು ಪರದೆಗಳು, ತೂತುಬಿದ್ದ ಪಾತ್ರೆ, ಯಾರದೋ ಮಗುವಿನ ಒಂಟಿ ಬೂಟು. ಅವಳು ಯಾವುದರ ಮುಂದೆಯೂ ನಿಲ್ಲಲಿಲ್ಲ. ಕೊನೆಯ ಕೋಣೆಯಲ್ಲಿ, ಅಲ್ಲಿ ಕೆಲಸಕ್ಕಿದ್ದ ಹುಡುಗಿ ಅತ್ತೆಗೂ ಸೊಸೆಗೂ ಹೆಡ್‌ಫೋನ್ ಹಾಕಿ ಕೂರಿಸಿದಳು.

ಮೊದಲು ಕೆಮ್ಮು. ಅವನದೇ ಕೆಮ್ಮು. ಮುದುಕಿ ಕುರ್ಚಿ ಹಿಡಿದುಕೊಂಡಳು.

"ನಾನು ಹೋಗ್ಲಿಲ್ಲ. ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದು ಬರೀ ಬುರುಡೆ. ನನ್ನ ಕಾಲು ಏಳ್ಲೇ ಇಲ್ಲ. ಹೋಗಿದ್ದು ನಮ್ಮನೆಯವಳು. ಮಿಷನ್ ತಂದ್ಲು, ಅದರ ಗಾಲಿ ಬೆಲ್ಟ್ ಬಿಟ್ಟು ಬಂದ್ಲು. ಎಷ್ಟೋ ದಿನ ಯಾರದೋ ಸ್ಟ್ಯಾಂಡಿಗೆ ಕೂರ್ಸಿ, ಬೆಲ್ಟಿನ ಬದಲು ಹಗ್ಗ ಕಟ್ಕೊಂಡೇ ಹೊಲ್ದೆ. ಅದ್ರಲ್ಲೇ ಹೊಟ್ಟೆ ತುಂಬ್ತು. ಅವಳಿಗೆ ಭಯ ಅನ್ನೋದೇ ಇರ್ಲಿಲ್ಲ."

ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಪಕ್ಕದಲ್ಲೇ ಮಲಗುತ್ತಿದ್ದವಳಿಗೆ ಒಂದು ದಿನವೂ ಹೇಳಲಿಲ್ಲ, ಗುರುತು ಪರಿಚಯ ಇಲ್ಲದವರ ಮುಂದೆ ಹೇಳಿ ಬಂದ. ಸಿಟ್ಟು ಬಂತು. ಅಳುವೂ ಬಂತು. ಸೊಸೆ ಬೆನ್ನ ಮೇಲೆ ಕೈಯಿಟ್ಟು, ಮಾವ ಹೇಳಿದ್ದು ನಿಜವಾ ಎಂದು ಕೇಳಿದಳು.

"ಮುಕ್ಕಾಲು ನಿಜ."

ಕಣ್ಣೊರೆಸಿಕೊಂಡು ಅವಳು ಹುಡುಗಿಯನ್ನು ಕರೆದಳು. ಗಂಡನ ಮಾತಿನ ಪಕ್ಕದಲ್ಲಿ ತನ್ನದೂ ಒಂದು ಇಡಬಹುದಾ ಎಂದಳು. ಧಾರಾಳವಾಗಿ ಅಜ್ಜಿ ಎಂದು ಹುಡುಗಿ ಮೈಕು ತಂದಿಟ್ಟಳು.

"ನನಗೆ ಭಯ ಇತ್ತಮ್ಮ. ಮೆಟ್ಟಿಲ ಮೇಲೆ ಬಟ್ಟೇಲೇ ಉಚ್ಚೆ ಹೊಯ್ಕೊಂಡಿದ್ದೆ. ಅವರಿಗೂ ಹೇಳಿರ್ಲಿಲ್ಲ. ಹೆದರಿದ್ದು ಅವರೊಬ್ಬರೇ ಅಂತ ಜನ ಅಂದ್ಕೋಬಾರ್ದು."