ಗ್ರೀನಿನ ಮೇಲೆ ರಾಗಿ ಹುಲ್ಲು

ತಮಿಳು ಗಡಿಯ ಸೂಳಗಿರಿ ಕಡೆಯ ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಕೆಲಸ ಮಾಡುವ ಹೆಂಗಸರಿಗೆ ನಾನು ಮೇಸ್ತ್ರಿ. ಆ ತಂಡದಲ್ಲಿ ನಮ್ಮತ್ತೆಯೂ ಒಬ್ಬರು. ಮನೆಯಲ್ಲಿ ಅವರ ಮಾತು ನಾನು ಕೇಳಬೇಕು, ಮೈದಾನದಲ್ಲಿ ನನ್ನ ಮಾತು ಅವರು ಕೇಳಬೇಕು. ಅವರು ಕೇಳುತ್ತಿರಲಿಲ್ಲ. ನಾನು ಏನೇ ಹೇಳಿದರೂ ಮಿಕ್ಕವರು ಮೊದಲು ಅವರ ಮುಖ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಮಾಗಿ ಚಳಿಗೆ ಹುಲ್ಲು ಹಳದಿ ತಿರುಗಿ ಬೆಳೆಯುವುದನ್ನೇ ನಿಲ್ಲಿಸಿತು. ಸಾಲದ್ದಕ್ಕೆ ಕಾಡುಹಂದಿಗಳು ನುಗ್ಗಿ, ಚೆಂಡನ್ನು ಗುಳಿಗೆ ಉರುಳಿಸುವ ನುಣುಪಾದ ಹಾಸನ್ನು, ಅಂದರೆ ಗ್ರೀನನ್ನು, ಹುಳು ಹುಡುಕುತ್ತಾ ಉತ್ತುಹಾಕಿದವು. ಭಾನುವಾರ ಪಂದ್ಯವಿತ್ತು. ಬೇರೆ ಕಡೆಯಿಂದ ಹುಲ್ಲನ್ನು ಮಣ್ಣುಸಮೇತ ಕೊಯ್ದು ತಂದು ತೇಪೆ ಹಾಕಿದೆವು. ಆ ಚಳಿಯಲ್ಲಿ ಅದು ಬೇರು ಬಿಡಬೇಕಲ್ಲ!

"ರಾತ್ರಿ ಗೋಣಿಚೀಲ ಹೊದ್ಸಾನ ಅತ್ತೆ" ಎಂದೆ.

"ಚೀಲದಾಗೇನೈತೆ ಬೆಚ್ಚಗೆ? ಟೊಮೇಟೊ ಸಸಿಗೆ ಹೊದ್ಸಲ್ವಾ, ಹಂಗೆ ರಾಗಿ ಹುಲ್ಲು ಹೊದ್ಸಾನ. ನೀ ಸುಮ್ಕಿರಮ್ಮಿ."

ಎಲ್ಲರೂ ಅವರ ಮುಖ ನೋಡಿದರು, ರಾಗಿ ಹುಲ್ಲು ಬಂತು.

ಊರಿನಲ್ಲಿ ಪಟಾಕಿ ಹೊಡೆದು, ಬೆಂಕಿ ಹಾಕಿ ಆನೆಗಳಿಂದ ರಾಗಿ ಕಾಯುವವರು ನಾವು. ಇಲ್ಲಿ ನಾವೇ ಅವಕ್ಕೆ ಎಲೆ ಹಾಕಿ ಬಡಿಸಿದ್ದೆವು. ನನಗೂ ಅದು ಹೊಳೆದಿರಲಿಲ್ಲ. ಬೆಳಿಗ್ಗೆ ನೋಡಿದರೆ ಸಾನಮಾವು ಕಾಡಿನ ಆನೆ ರಾಗಿ ಹುಲ್ಲನ್ನೆಲ್ಲ ತಿಂದು, ತೇಪೆಗಳನ್ನು ತುಳಿದು, ಲದ್ದಿ ಹಾಕಿ ಹೋಗಿತ್ತು. ಹೆಜ್ಜೆಗುಂಡಿಗಳಲ್ಲಿ ಕೊಡ ಕೂರಿಸಬಹುದಿತ್ತು.

ಇದು ಯಾರ ತಲೆಯಲ್ಲಿ ಹುಟ್ಟಿದ್ದು ಎಂದು ಮ್ಯಾನೇಜರು ತಮಿಳಿನಲ್ಲಿ ಕೂಗಾಡಿದರು. ಅತ್ತೆಯ ಮುಖ ಸಪ್ಪಗಾಯಿತು.

"ಮೇಸ್ತ್ರಿ ನಾನು. ನಾನೇ ಮಾಡಿಸಿದ್ದು, ನಾನೇ ಸರಿಮಾಡಿಸುತ್ತೇನೆ" ಎಂದು ನಾನೂ ತಮಿಳಿನಲ್ಲೇ ಹೇಳಿದೆ. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಅತ್ತೆ ಹೇಳಿದರು ಎಂದಿದ್ದರೆ, ಹಾಗಾದರೆ ಮೇಸ್ತ್ರಿ ಯಾರು ಎಂದು ಮ್ಯಾನೇಜರು ಕೇಳುತ್ತಿದ್ದರು.

ಮ್ಯಾನೇಜರು ಅತ್ತ ಹೋದದ್ದೇ ತಡ, ಹಾರೆ ಎತ್ತಿದ ನನ್ನನ್ನು ಅತ್ತೆ ತಡೆದರು. "ಗಣಪ್ಪ ತುಳ್ದಿರೋ ಜಾಗ, ಸುಮ್ನೆ ಮುಚ್ಚಬಾರ್ದು." ಒಂದು ಹೆಜ್ಜೆಗೆ ಕುಂಕುಮ ಇಟ್ಟು ಕೈಮುಗಿದರು, ನಾವೂ ಮುಗಿದೆವು. ಆಮೇಲೆ ಗುಂಡಿಗಳಿಗೆ ಮರಳು ತುಂಬಿ, ಹೊಸ ತೇಪೆ ಹಾಕಿ, ನೀರು ಕೊಟ್ಟು, ಸೊಂಟ ಬೀಳುವವರೆಗೂ ರೋಲರ್ ಎಳೆದೆವು.

ಭಾನುವಾರ ಚೆಂಡು ಸರಾಗವಾಗಿ ಉರುಳಿತಂತೆ. ನನಗೆ ನೆನಪಿರುವುದು ರೋಲರ್ ಎಳೆದ ದಿನದ ಸಂಜೆ. ಈಗೇನು ಹೊದಿಸುವುದು ಎಂದು ಹೆಂಗಸರೆಲ್ಲ ಎಂದಿನಂತೆ ಅತ್ತೆಯ ಕಡೆ ತಿರುಗಿದರು.

"ನನ್ ಮುಖ ಯಾಕ್ ನೋಡ್ತೀರಾ?" ಎಂದು ಅತ್ತೆ ಗದರಿದರು. "ಮೇಸ್ತ್ರೀನ ಕೇಳ್ರಮ್ಮಿ."

ಗೋಣಿಚೀಲ ಎಂದೆ. ಮೊದಲು ಎದ್ದು ಹೋಗಿ ಚೀಲ ತಂದವರು ಅವರೇ.