ಅಕ್ಕಿಯ ಮೇಲೆ ಬರೆದ ಹೆಸರು

ಅಪ್ಪ ಇಟ್ಟ ಹೆಸರು ನನ್ನದಾಗಿದ್ದದ್ದು ಮದುವೆಯ ದಿನದವರೆಗೆ ಮಾತ್ರ. ಮಂಜಗುಣಿಯಿಂದ ಕಾರವಾರಕ್ಕೆ ಸೊಸೆಯಾಗಿ ಬಂದಾಗ, ನಮ್ಮವರ ಪದ್ಧತಿಯಂತೆ ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಗಂಡ ಉಂಗುರದಿಂದ ನನ್ನ ಹೊಸ ಹೆಸರು ಬರೆದರು. ಆರಿಸಿದ್ದು ಅತ್ತೆ. ಹೆಸರು ಚೆನ್ನಾಗಿಯೇ ಇತ್ತು, ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೊದಮೊದಲು ಕರೆದರೆ ಬೇರೆ ಯಾರನ್ನೋ ಎಂದುಕೊಂಡು ಸುಮ್ಮನಿರುತ್ತಿದ್ದೆ. ಸೊಸೆಗೆ ಕಿವಿ ಮಂದ ಎಂದು ಮನೆಯಲ್ಲಿ ನಗುತ್ತಿದ್ದರು. ನಿಧಾನಕ್ಕೆ ರೇಷನ್ ಕಾರ್ಡಿಗೂ ಅದೇ ಹೆಸರು ಬಂತು, ನನಗೂ ಅದೇ ರೂಢಿಯಾಯಿತು.

ಹುಡುಗಿಯಾಗಿದ್ದಾಗ ಕಾಮಾಲೆ ಬಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ತಪ್ಪಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಕೇರಿಗೆ ಅಂಗನವಾಡಿ ಬರುತ್ತದೆ, ಹತ್ತನೆಯದು ಪಾಸಾದವರಿಗೆ ಕೆಲಸ ಎಂಬ ಸುದ್ದಿ ಹಬ್ಬಿತು. ಗಂಡ ಬೈತಖೋಲದ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದರು; ಹಡಗು ಬಂದರೆ ದುಡಿಮೆ, ಇಲ್ಲದಿದ್ದರೆ ಇಲ್ಲ. ನಾನು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದೆ. ಅತ್ತೆ ಬೇಡವೆನ್ನಲಿಲ್ಲ. ಪರೀಕ್ಷೆಯ ದಿನಗಳಲ್ಲಿ ನನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಶಾಲೆಯ ಗೇಟಿನ ಹೊರಗೆ ಕೂರುತ್ತಿದ್ದರು.

ಗಣಿತದ ದಿನ ನಕಲು ಹಿಡಿಯುವ ಸ್ಕ್ವಾಡ್ ಬಂತು. ಹಿಂದಿನ ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಅಣ್ಣಂದಿರ ಹೆಸರಿನಲ್ಲಿ ಬರೆಯುತ್ತಾ ಸಿಕ್ಕಿಬಿದ್ದಿದ್ದರಿಂದ ಸ್ಕ್ವಾಡಿನ ಅಧಿಕಾರಿಗೆ ಎಲ್ಲರ ಮೇಲೂ ಗುಮಾನಿ. ಅವರು ಘಟ್ಟದ ಮೇಲಿನವರು, ನಮ್ಮ ಕಡೆಯ ಪದ್ಧತಿ ತಿಳಿಯದವರು. ನನ್ನ ಹಾಲ್ ಟಿಕೆಟ್ ಎತ್ತಿಕೊಂಡು, ಹೆಸರೇನು ಎಂದು ಗದರಿದರು. ಲೆಕ್ಕದಲ್ಲಿ ಮುಳುಗಿದ್ದ ನಾನು ತಲೆಯೆತ್ತಿ ಗಂಡನ ಮನೆಯ ಹೆಸರು ಹೇಳಿಬಿಟ್ಟೆ. ಹಾಲ್ ಟಿಕೆಟ್ಟಿನಲ್ಲಿದ್ದದ್ದು ಶಾಲೆಯ ದಾಖಲೆಯ ಹೆಸರು, ಅಪ್ಪ ಇಟ್ಟದ್ದು. ಫೋಟೊದ ಮುಖದ ಮೇಲೆ ಸೀಲಿನ ಮಸಿ ಮೆತ್ತಿತ್ತು. ತಡವರಿಸುತ್ತಾ ಇನ್ನೊಂದು ಹೆಸರು ಹೇಳುವಷ್ಟರಲ್ಲಿ ಉತ್ತರಪತ್ರಿಕೆ ಅವರ ಕೈಯಲ್ಲಿತ್ತು.

ಮುಖ್ಯ ಅಧೀಕ್ಷಕರ ಕೋಣೆಯಲ್ಲಿ ನಿಲ್ಲಿಸಿದರು. ಬೇರೊಬ್ಬಳ ಹೆಸರಿನಲ್ಲಿ ಬರೆಯುತ್ತಿದ್ದೀಯ, ಡಿಬಾರ್ ಮಾಡಿ ಪೊಲೀಸರಿಗೆ ಒಪ್ಪಿಸುತ್ತೇವೆ ಎಂದರು. ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಹೆಸರು ತೆಗೆದವರು ಬೇರೆ, ಕಳ್ಳಿ ಎನಿಸಿಕೊಳ್ಳುವವಳು ನಾನು.

ಸುದ್ದಿ ಗೇಟಿಗೆ ಮುಟ್ಟಿತು. ಗುರುತಿಗೆ ಏನಾದರೂ ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಓಡಿ ರೇಷನ್ ಕಾರ್ಡ್ ತಂದರು. ಸೊಸೆಯನ್ನು ಬಿಡಿಸಿಕೊಂಡೇ ಹೋಗುತ್ತೇನೆ ಎಂಬ ಧೈರ್ಯ ಮುಖದಲ್ಲಿತ್ತು. ಕಾರ್ಡು ನೋಡಿದ ಅಧಿಕಾರಿ, ಇದರಲ್ಲೂ ಬೇರೆ ಹೆಸರೇ ಇದೆ, ಇನ್ನೇನು ಸಾಕ್ಷಿ ಬೇಕು ಎಂದು ಅಧೀಕ್ಷಕರ ಕಡೆ ತಿರುಗಿದರು. ಅತ್ತೆಗೆ ಓದು ಬರದು. ತಾನು ತಂದದ್ದೇ ಮುಳುವಾಯಿತೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು ಮೇಜಿನ ಹತ್ತಿರ ಹೋದರು. "ಆ ಹೆಸ್ರು ನಾನೇ ಇಟ್ಟದ್ದು ಸಾಹೇಬ್ರೆ, ಮದ್ವೆಲಿ. ಈ ಹುಡ್ಗಿದು ಎಂತದೂ ತಪ್ಪಿಲ್ಲ."

ಹಾಗಾದರೆ ಮೊದಲಿನ ಹೆಸರು ಏನು ಎಂದು ಅಧಿಕಾರಿ ಹಾಲ್ ಟಿಕೆಟ್ ಮಗುಚಿ ಹಿಡಿದು ಕೇಳಿದರು. ಅತ್ತೆ ಹೇಳಿದರು, ನನ್ನ ಅಪ್ಪನ ಹೆಸರನ್ನೂ ಕೂಡಿಸಿ. ಆ ಮನೆಗೆ ಕಾಲಿಟ್ಟ ಮೇಲೆ ಅವರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಹೆಸರನ್ನು ಹೀಗೂ ಬದಲಿಸುತ್ತಾರೆಯೇ ಎಂದು ಅಧಿಕಾರಿಗೆ ಇನ್ನೂ ಅನುಮಾನ.

"ನಂದೂ ಹಾಂಗೇ ಬದಲ್ ಮಾಡಿದ್ರು," ಎಂದರು ಅತ್ತೆ. "ನಂದನ್ನ ಯಾರೂ ಕೇಳ್ಲಿಲ್ಲ, ಹೋಯ್ತು. ಇದ್ರದ್ದು ಕೇಳ್ತಾ ಇದ್ದೀರಿ. ಬರಿಯೂಕೆ ಬಿಡಿ."

ಊರಿನವರೇ ಆದ ಅಧೀಕ್ಷಕರು ಆಗ ಬಾಯಿ ಬಿಟ್ಟರು. ತಮ್ಮ ಮನೆಯಲ್ಲೂ ಇದೇ ಪದ್ಧತಿ, ಅರ್ಜಿಯ ಸಹಿ ತಾಳೆ ನೋಡಬಹುದು ಎಂದರು. ಅಷ್ಟು ಹೊತ್ತು ಯಾಕೆ ಸುಮ್ಮನಿದ್ದರೋ, ಇಂದಿಗೂ ನನಗೆ ಬೇಸರವಿದೆ. ಸಹಿ ತಾಳೆಯಾಯಿತು. ಉತ್ತರಪತ್ರಿಕೆ ವಾಪಸು ಬಂತು, ಕಳೆದ ಸಮಯ ಬರಲಿಲ್ಲ. ಉಳಿದದ್ದರಲ್ಲಿ ಗೀಚಿದೆ. ಅಂಚಿನಲ್ಲಿ ಪಾಸಾದೆ, ಅಂಗನವಾಡಿಯ ಕೆಲಸವೂ ಸಿಕ್ಕಿತು.

ಅವತ್ತು ಮನೆಗೆ ನಡೆದು ಬರುವಾಗ ಅತ್ತೆಯನ್ನು ಕೇಳಿದೆ, ಆಯಿ, ನಿಮ್ಮ ಹೆಸರು ಮೊದಲು ಏನಿತ್ತು? ಅವರು ಮೆಲ್ಲಗೆ ಹೇಳಿದರು. ಚಿಕ್ಕ, ಮುದ್ದಾದ ಹೆಸರು. ಕರೆಯುತ್ತಿದ್ದವರೆಲ್ಲ ತೀರಿಕೊಂಡರು ಎಂದರು.

ಸಂಜೆ ಗಂಡ ಬಂದರಿನಿಂದ ಬಂದು ಚಹಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಪಕ್ಕದಲ್ಲೇ ಮೊಮ್ಮಗಳಿಗೆ ಗಂಜಿ ತಿನ್ನಿಸುತ್ತಿದ್ದರು. ಮಾತಿನ ನಡುವೆ ಅತ್ತೆಯ ಆ ಹಳೆಯ ಹೆಸರೂ ಬಾಯಿಗೆ ಬಂತು.

"ಅದು ಯಾರು?" ಎಂದು ಕೇಳಿದರು ಗಂಡ.

ಅತ್ತೆ ಮಗುವಿನ ಗಲ್ಲಕ್ಕೆ ಇಳಿದ ಗಂಜಿಯನ್ನು ಸೆರಗಿನಿಂದ ಒರೆಸಿದರು.